ಪ್ರಮಾಣವಿಲ್ಲದವನು, ನಿಯತ್ತಿಲ್ಲದವನು: ಒಂದು ಇಂಗ್ಲಿಷ್ ಗುಣಪದಕ್ಕೆ ದೊಡ್ಡಮಳೂರು ಸೀಮೆಯ ಕನ್ನಡ

ಇಂಗ್ಲಿಷಿನ ‘ಡಿಸ್‌ಆನೆಸ್ಟ್’ ಎಂಬ ಗುಣಪದಕ್ಕೆ ಸಾಟಿಯಾಗಿ ನಮ್ಮ ಪತ್ರಿಕೆಗಳು, ಪಠ್ಯಪುಸ್ತಕಗಳು, ಕಾನೂನಿನ ಬರಹಗಳು ‘ಅಪ್ರಾಮಾಣಿಕ’ ಎಂಬ ಪದವನ್ನು ಬಳಸುತ್ತ ಬಂದಿವೆ. ಈ ಜೋಡಿ ರೂಢಿಯಾಗಿ ಹೋಗಿರುವುದರಿಂದ ಯಾರೂ ಅದನ್ನು ಮರಳಿ ಪರೀಕ್ಷಿಸುವುದಿಲ್ಲ. ಪರೀಕ್ಷಿಸಲು ತಕ್ಕ ಕಾರಣವಿದೆ. ‘ಅಪ್ರಾಮಾಣಿಕ’ ಹುಟ್ಟಿನಿಂದ ಪುರಾವೆಗೆ ಸಂಬಂಧಪಟ್ಟ ಪದ. ‘ಡಿಸ್‌ಆನೆಸ್ಟ್’ ನಡತೆಗೆ, ಅದರಲ್ಲೂ ಉದ್ದೇಶಕ್ಕೆ ಸಂಬಂಧಪಟ್ಟದ್ದು. ಪುರಾವೆ ಇಲ್ಲದವನನ್ನೂ ಮೋಸ ಮಾಡಿದವನನ್ನೂ ಒಂದೇ ಹೆಸರಿನಿಂದ ಕರೆದರೆ ಪೆಟ್ಟು ತಿನ್ನುವವನು ಪುರಾವೆ ಇಲ್ಲದ ಬಡವ. ಈ ವ್ಯತ್ಯಾಸವನ್ನು ದೊಡ್ಡಮಳೂರಿನ ಸುತ್ತಲ ಪರಂಪರೆ, ಮಾತು, ಮಾರುಕಟ್ಟೆಗಳ ಆಧಾರದಿಂದ ಇಲ್ಲಿ ಪರಿಶೀಲಿಸಿದ್ದೇನೆ.

ಊರಿನ ಆಯ್ಕೆ ಆಕಸ್ಮಿಕವಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿಯಲ್ಲಿ ಚನ್ನಪಟ್ಟಣ ದಾಟಿದೊಡನೆ ಸಿಗುವ ದೊಡ್ಡಮಳೂರಿನ ದೇವರ ಹೆಸರು ಅಪ್ರಮೇಯ. ವಿಷ್ಣುಸಹಸ್ರನಾಮದಲ್ಲಿಯೂ ಇರುವ ಈ ಹೆಸರಿಗೆ ‘ಅಳತೆಗೆ ಸಿಗದವನು’, ‘ಪ್ರಮಾಣಗಳಿಂದ ಅರಿಯಲಾಗದವನು’ ಎಂದು ಅರ್ಥ. ಅಪ್ರಮೇಯ, ಪ್ರಮಾಣ, ಪ್ರಾಮಾಣಿಕ, ಅಪ್ರಾಮಾಣಿಕ ಈ ನಾಲ್ಕೂ ಅಳೆಯುವುದು ಎಂಬ ಅರ್ಥದ ‘ಮಾ’ ಧಾತುವಿನಿಂದಲೇ ಬಂದವು. ತಕ್ಕಡಿಗೆ ಮುದ್ರೆ ಹಾಕುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಹೆಸರಿನಲ್ಲಿರುವ ‘ಮಾಪನ’ವೂ ಅದೇ ಬೇರಿನದು. ಪ್ರಮಾಣಕ್ಕೆ ಸಿಗದಿರುವುದು ಗರ್ಭಗುಡಿಯಲ್ಲಿ ಮಹಿಮೆ, ಪೇಟೆಯಲ್ಲಿ ದೋಷ. ಒಂದೇ ಧಾತು ಇಷ್ಟು ದೂರ ಹೋಗಿ ಎರಡು ಕಡೆ ನಿಂತಿರುವುದನ್ನು ಬೇರೆ ಯಾವ ಊರಿನಿಂದ ನೋಡುವುದಕ್ಕಿಂತಲೂ ಇಲ್ಲಿಂದ ನೋಡುವುದು ಲೇಸು.

ಮೊದಲು ಇಂಗ್ಲಿಷ್ ಪದ. ಅದರ ಮೂಲದಲ್ಲಿರುವುದು ಗೌರವ, ಮಾನ ಎಂಬ ಅರ್ಥದ ಲ್ಯಾಟಿನ್ ಶಬ್ದ. ‘ಆನರ್’ ಅದರ ಒಡಹುಟ್ಟು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ‘ಡಿಸ್‌ಆನೆಸ್ಟ್’ ಎಂದರೆ ಮಾನಗೆಟ್ಟ, ನಾಚಿಕೆಗೇಡಿನ ಎಂದಿತ್ತು. ಹೆಂಗಸರ ವಿಷಯದಲ್ಲಿ ಶೀಲ ಕೆಟ್ಟ ಎಂಬ ಅರ್ಥವೂ ಇತ್ತು. ಕಾಸಿನ ಮೋಸ, ಮಾತಿನ ಮೋಸ ಎಂಬ ಇಂದಿನ ಅರ್ಥ ಮುನ್ನೆಲೆಗೆ ಬಂದದ್ದು ತಡವಾಗಿ. ನಮ್ಮಲ್ಲಿ ಒಬ್ಬನ ನೇರ ನಡೆಯನ್ನು ಹೊಗಳುವಾಗ ‘ಕೈ, ಬಾಯಿ, ಕಚ್ಚೆ ಶುದ್ಧ’ ಎನ್ನುತ್ತಾರೆ. ಕೈ ಕದಿಯದು, ಬಾಯಿ ಸುಳ್ಳಾಡದು, ಕಚ್ಚೆ ಜಾರದು. ಇಂಗ್ಲಿಷಿನ ಹಳೆಯ ಪದ ಹರಡಿಕೊಂಡಿದ್ದ ಜಾಗವೆಲ್ಲ ಈ ಮೂರು ಅಂಗಗಳಲ್ಲಿ ಅಡಕವಾಗಿದೆ. ಇಂದಿನ ಇಂಗ್ಲಿಷ್ ಪದ ಕಚ್ಚೆಯನ್ನು ಬಿಟ್ಟು ಕೈ ಮತ್ತು ಬಾಯಿಗೆ ಮಾತ್ರ ಉಳಿದಿದೆ.

ಈಗ ‘ಪ್ರಾಮಾಣಿಕ’. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ಪ್ರಮಾಣಸಿದ್ಧವಾದ, ಆಧಾರವುಳ್ಳ ಎಂಬುದೇ ಅರ್ಥ. ಎದುರಾಳಿಯ ವಾದವನ್ನು ‘ಅಪ್ರಾಮಾಣಿಕ’ ಎಂದರೆ ಅದಕ್ಕೆ ಪ್ರಮಾಣದ ಬೆಂಬಲವಿಲ್ಲ ಎಂದು ಹೇಳಿದಂತೆ. ಎದುರಾಳಿ ಮೋಸಗಾರ ಎಂಬ ಆರೋಪ ಅದರಲ್ಲಿ ಇಲ್ಲ. ಈ ಶಾಸ್ತ್ರಚರ್ಚೆ ದೊಡ್ಡಮಳೂರಿಗೆ ಅಪರಿಚಿತವೇನೂ ಆಗಿರಲಿಲ್ಲ. ಇದೇ ಚನ್ನಪಟ್ಟಣ ತಾಲ್ಲೂಕಿನ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅವರ ಶಿಷ್ಯ ವ್ಯಾಸತೀರ್ಥರು ಬರೆದ ‘ತರ್ಕತಾಂಡವ’ ಪ್ರಮಾಣವೆಂದರೇನು, ಅದು ಹೇಗೆ ಸಿದ್ಧಿಸುತ್ತದೆ ಎಂಬುದನ್ನು ನ್ಯಾಯಶಾಸ್ತ್ರದ ಜೊತೆ ಸೆಣಸಿ ವಿಚಾರಿಸುವ ಗ್ರಂಥ. ಮಾಧ್ವ ಪರಂಪರೆ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣಗಳನ್ನು ಒಪ್ಪುತ್ತದೆ. ಅಬ್ಬೂರಿನ ಪಾಠಶಾಲೆಯಲ್ಲಿ ‘ಅಪ್ರಾಮಾಣಿಕ’ ಎಂಬ ಮಾತು ಕೇಳಿಸಿದ್ದರೆ ಅದು ಈ ಅರ್ಥದಲ್ಲಿಯೇ ಇದ್ದಿರಬೇಕು.

ಕನ್ನಡದಲ್ಲಿ ಪ್ರಮಾಣಕ್ಕೆ ಇನ್ನೆರಡು ಅರ್ಥಗಳೂ ಇವೆ. ಒಂದು ಪರಿಮಾಣ: ‘ಹೆಚ್ಚಿನ ಪ್ರಮಾಣದಲ್ಲಿ ಮಳೆಯಾಯಿತು’. ಇನ್ನೊಂದು ಆಣೆ: ದೇವರ ಮುಂದೆ ದೀಪ ಮುಟ್ಟಿ ಪ್ರಮಾಣ ಮಾಡುವುದು, ಮಂತ್ರಿಗಳ ಪ್ರಮಾಣವಚನ, ಕಚೇರಿಯ ಪ್ರಮಾಣಪತ್ರ. ‘ಪ್ರಾಮಾಣಿಕ’ ಎಂಬ ವಿಶೇಷಣ ವಾದವನ್ನು ಬಿಟ್ಟು ವ್ಯಕ್ತಿಗೆ ಅಂಟಿಕೊಳ್ಳಲು ಈ ಎರಡನೆಯ ಅರ್ಥ ದಾರಿ ಮಾಡಿರಬೇಕು ಎಂಬುದು ನನ್ನ ಊಹೆ. ಆಣೆ ಮಾಡಿ ನಿಲ್ಲಬಲ್ಲವನು ಪ್ರಾಮಾಣಿಕ. ಎಲ್ಲ ನೆರೆಭಾಷೆಗಳೂ ಈ ಹಾದಿ ಹಿಡಿಯಲಿಲ್ಲ. ಮರಾಠಿಯ ‘ಪ್ರಾಮಾಣಿಕ್’ ನಮ್ಮಂತೆಯೇ ನೇರ ನಡೆಯವನಿಗೆ ಸಲ್ಲುತ್ತದೆ. ಹಿಂದಿಯಲ್ಲಿ ಅದೇ ಪದ ಇಂದಿಗೂ ಅಧಿಕೃತ, ಆಧಾರವುಳ್ಳ ಎಂಬ ಅರ್ಥದಲ್ಲೇ ಇದೆ. ವ್ಯಕ್ತಿಯ ಗುಣಕ್ಕೆ ಅಲ್ಲಿ ‘ಈಮಾನ್‌ದಾರ್’ ಬೇಕು. ತೆಲುಗಿನಲ್ಲಿ ‘ಪ್ರಾಮಾಣಿಕ’ ಎಂದರೆ ಮಾನಕವಾದದ್ದು. ವ್ಯಕ್ತಿಯ ವಿಷಯಕ್ಕೆ ಅವರು ‘ನಿಜಾಯಿತಿ’ ಎನ್ನುತ್ತಾರೆ. ಹೀಗಾಗಿ ಕನ್ನಡದ ‘ಅಪ್ರಾಮಾಣಿಕ’ ಎರಡು ಹೊರೆ ಹೊತ್ತಿದೆ. ಶಾಸ್ತ್ರದ ಹೊರೆಯನ್ನು ಇಳಿಸಿಲ್ಲ, ನಡತೆಯ ಹೊರೆಯನ್ನೂ ಹೊತ್ತುಕೊಂಡಿದೆ.

ಈ ಎರಡರ ನಡುವಿನ ತೊಡಕು ದೊಡ್ಡಮಳೂರಿನಲ್ಲೇ ಎದುರಾಗುತ್ತದೆ. ಅಪ್ರಮೇಯನ ಗುಡಿಯಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ಸನ್ನಿಧಿಯಿದೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಈ ಕೃಷ್ಣನನ್ನು ಕಂಡೇ ಹಾಡಿದರು ಎಂಬ ಪ್ರತೀತಿ ಈ ಕಡೆಯವರ ಪ್ರೀತಿಯ ನೆನಪು. ಇದು ಬಾಯಿಂದ ಬಾಯಿಗೆ ಬಂದ ಪರಂಪರೆ. ಸಂಶೋಧಕನು ಇದನ್ನು ಶಾಸ್ತ್ರದ ಅರ್ಥದಲ್ಲಿ ‘ಅಪ್ರಾಮಾಣಿಕ’ ಎಂದು ಬರೆದ ಎಂದಿಟ್ಟುಕೊಳ್ಳೋಣ. ಓದುವ ಭಕ್ತರ ಕಿವಿಗೆ ಅದು ‘ಈ ಊರಿನವರು ಸುಳ್ಳು ಹೇಳುತ್ತಾರೆ’ ಎಂದೇ ಕೇಳಿಸುತ್ತದೆ. ದಾಸರ ಅಂಕಿತದಲ್ಲಿ ಸೇರಿಕೊಂಡ ಪ್ರಕ್ಷಿಪ್ತ ಕೀರ್ತನೆಗಳ ಚರ್ಚೆಯಲ್ಲೂ ಇದೇ ಅಪಾಯವಿದೆ. ಯಾರೋ ಭಕ್ತಿಯಿಂದ ಹಾಡಿ, ತನ್ನ ಹೆಸರನ್ನು ಬಿಟ್ಟು ಗುರುವಿನ ಅಂಕಿತವಿಟ್ಟಿದ್ದರೆ ಆ ಕೀರ್ತನೆಗೆ ಆಧಾರವಿಲ್ಲ ಎನ್ನಬಹುದು. ಹಾಡಿದವನನ್ನು ವಂಚಕ ಎನ್ನಲು ನಮಗೆ ಹಕ್ಕಿಲ್ಲ. ಇಂಥ ಕಡೆ ‘ಆಧಾರ ಸಾಲದ’, ‘ದಾಖಲೆ ದೊರೆಯದ’ ಎಂಬ ಬಿಡಿ ಮಾತುಗಳೇ ಸರಿ.

ಕಚೇರಿಯ ವಿಷಯದಲ್ಲಿ ಈ ತೊಡಕು ಇನ್ನೂ ಭಾರವಾದದ್ದು. ಬಗರ್‌ಹುಕುಂ ಸಾಗುವಳಿಯ ಮಾತನ್ನೇ ತೆಗೆದುಕೊಳ್ಳಿ. ಅಪ್ಪಣೆ ಇಲ್ಲದೆ ಎಂದು ಅದರ ಪದಶಃ ಅರ್ಥ. ಸರ್ಕಾರಿ ಜಮೀನನ್ನು ಹಸನು ಮಾಡಿ ರಾಗಿ ಹುರುಳಿ ಬೆಳೆದು ಮಕ್ಕಳನ್ನು ಸಾಕಿದವನ ಕೈಯಲ್ಲಿ ಸಾಗುವಳಿ ಚೀಟಿ ಇರುವುದಿಲ್ಲ, ಪಹಣಿಯಲ್ಲಿ ಹೆಸರಿರುವುದಿಲ್ಲ. ನಮೂನೆ 50, 53, 57 ಎಂದು ಕಾಲಕಾಲಕ್ಕೆ ಅರ್ಜಿ ಕರೆದದ್ದು ಇಂಥವರಿಗಾಗಿಯೇ. ಅವನಿಗೆ ಪ್ರಮಾಣವಿಲ್ಲ, ಅವನು ಯಾರಿಗೂ ಮೋಸ ಮಾಡಿದವನೂ ಅಲ್ಲ. ಇದಕ್ಕೆ ತಿರುವುಮುರುವಾಗಿ, ಕಾಗದ ಪತ್ರವೆಲ್ಲ ಪಕ್ಕಾ ಇಟ್ಟುಕೊಂಡು ಬಡವನ ಜಮೀನನ್ನು ತನ್ನ ಖಾತೆಗೆ ಮಾಡಿಸಿಕೊಳ್ಳುವವನೂ ಇದ್ದಾನೆ. ಅವನ ಬಳಿ ಪ್ರಮಾಣಗಳಿಗೆ ಕೊರತೆಯಿಲ್ಲ. ಪದದ ಮೂಲಾರ್ಥ ಹಿಡಿದು ನಡೆದರೆ ಮೊದಲನೆಯವನು ಅಪ್ರಾಮಾಣಿಕ, ಎರಡನೆಯವನು ಪ್ರಾಮಾಣಿಕ. ಈ ಫಲಿತಾಂಶ ತಪ್ಪು ಎಂದು ಹಳ್ಳಿಯ ಯಾರಾದರೂ ಹೇಳಬಲ್ಲರು. ಹೇಳುವಾಗ ಅವರ ಬಾಯಿಗೆ ಬರುವ ಪದ ಬೇರೆ.

ಆ ಪದ ‘ನಿಯತ್ತು’. ‘ನಿಯತ್ತಿಲ್ಲದೋನು’, ‘ನಿಯತ್ತಾಗಿ ದುಡೀತಾನೆ’, ‘ನಾಯಿಗಿರೋ ನಿಯತ್ತು ಮನುಷ್ಯನಿಗಿಲ್ಲ’: ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಗಳಲ್ಲಿ, ಆಚೆ ಮಂಡ್ಯ ಮೈಸೂರುಗಳಲ್ಲಿಯೂ ಇವು ದಿನದ ಮಾತುಗಳು. ಶಾಲೆ ಕಲಿಯದವರೂ ಸರಾಗವಾಗಿ ಆಡುವ ಪದವಿದು. ಜಾತಿ ಮತಗಳ ಗಡಿ ಇದಕ್ಕಿಲ್ಲ. ಮೂಲದಲ್ಲಿ ಇದು ಅರಬ್ಬಿಯ ‘ನಿಯ್ಯತ್’. ಉದ್ದೇಶ, ಸಂಕಲ್ಪ ಎಂದು ಅದರ ಅರ್ಥ. ನಮಾಜಿಗೆ ನಿಲ್ಲುವವನು, ಉಪವಾಸ ಹಿಡಿಯುವವನು ಮೊದಲು ಮನಸ್ಸಿನಲ್ಲಿ ಮಾಡುವ ಸಂಕಲ್ಪಕ್ಕೂ ಇದೇ ಹೆಸರು. ಬುಖಾರಿಯ ಹದೀಸ್ ಸಂಗ್ರಹದ ಮೊದಲ ಹದೀಸೇ ಈ ವಿಷಯದ ಮೇಲಿದ್ದು, ಕೆಲಸದ ಬೆಲೆ ಉದ್ದೇಶದಿಂದ ತೀರ್ಮಾನವಾಗುತ್ತದೆ ಎಂದು ಸಾರುತ್ತದೆ. ವಕೀಲ, ಜಾಮೀನು, ದಾಖಲೆ, ಹುಕುಂ ಮುಂತಾದ ಅರಬ್ಬಿ ಪಾರಸಿ ಪದಗಳು ಆಡಳಿತದ ದಾರಿಯಿಂದ ಕನ್ನಡಕ್ಕೆ ಬಂದವು. ನಿಯತ್ತು ಕಚೇರಿಯಲ್ಲಿ ನಿಲ್ಲದೆ ಮನೆಯಂಗಳಕ್ಕೂ ಹೊಲಕ್ಕೂ ಇಳಿಯಿತು. ದಖ್ಖನಿ ಆಡುವ ಕುಶಲಕರ್ಮಿಗಳೂ ಕನ್ನಡ ಆಡುವ ಒಕ್ಕಲು ಮಕ್ಕಳೂ ತಲೆಮಾರುಗಳಿಂದ ಒಂದೇ ಸಂತೆಯಲ್ಲಿ ಬೆರೆತ ಸೀಮೆಯಲ್ಲಿ ಈ ಪದ ಇಷ್ಟು ಆಳಕ್ಕೆ ಇಳಿದದ್ದು ಸಹಜ.

ಈಗ ಇದನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಬೇಕು. 1860ರ ಭಾರತೀಯ ದಂಡ ಸಂಹಿತೆಯ 24ನೆಯ ಕಲಂ ‘ಡಿಸ್‌ಆನೆಸ್ಟ್’ ಪದದ ಕ್ರಿಯಾವಿಶೇಷಣಕ್ಕೆ ಲಕ್ಷಣ ಹೇಳಿತ್ತು. ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಉಂಟುಮಾಡುವ ಉದ್ದೇಶದಿಂದ ಮಾಡಿದ ಕೆಲಸ ಆ ಬಗೆಯದು ಎಂಬುದು ಅದರ ಸಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 2ನೆಯ ಕಲಮಿನ 7ನೆಯ ಖಂಡದಲ್ಲೂ ಇದೇ ಲಕ್ಷಣ ಉಳಿದಿದೆ. ಇಡೀ ಲಕ್ಷಣದ ಅಡಿಗಲ್ಲು ಉದ್ದೇಶ. ಪುರಾವೆಯ ಮಾತು ಅಲ್ಲಿ ಇಲ್ಲವೇ ಇಲ್ಲ; ಅದು ಸಾಕ್ಷ್ಯ ಕಾನೂನಿಗೆ ಸೇರಿದ್ದು.

ಹಳೆಯ ಸಂಹಿತೆ ಕೊಡುವ ಉದಾಹರಣೆಗಳು ಇದನ್ನು ಇನ್ನೂ ಸ್ಪಷ್ಟಪಡಿಸುತ್ತವೆ. ಕಳವಿನ 378ನೆಯ ಕಲಮಿನಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬನ ಸ್ವತ್ತನ್ನು ತನ್ನದೇ ಎಂದು ಶುದ್ಧ ಮನಸ್ಸಿನಿಂದ ನಂಬಿ ತೆಗೆದುಕೊಳ್ಳುತ್ತಾನೆ, ಅದು ಕಳವಲ್ಲ. 403ನೆಯ ಕಲಮಿನಲ್ಲಿ ಅದೇ ಮನುಷ್ಯ ತಪ್ಪು ಗೊತ್ತಾದ ಮೇಲೂ ವಸ್ತುವನ್ನು ತನ್ನದಾಗಿಸಿಕೊಂಡರೆ ಅಪರಾಧಿ. ವಸ್ತು ಅದೇ, ಕೈ ಅದೇ. ನಡುವೆ ಬದಲಾದದ್ದು ನಿಯತ್ತು. ಕಾನೂನಿನ ಈ ತಿರುವನ್ನು ‘ಅಪ್ರಾಮಾಣಿಕವಾಗಿ’ ಎಂಬ ಅನುವಾದ ತೋರಿಸಲಾರದು. ‘ನಿಯತ್ತು ತಪ್ಪಿ’ ಎಂದರೆ ಕಟಕಟೆಯಲ್ಲಿ ನಿಂತ ರೈತನಿಗೂ ಒಡನೆ ತಿಳಿಯುತ್ತದೆ. ತನ್ನ ಮೇಲಿನ ಆರೋಪವೇನೆಂದು ತಿಳಿಯುವುದು ಅವನ ಹಕ್ಕು.

ನಿಯತ್ತಿಗೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ನಾಯಿಯ ಮಾತಿನಲ್ಲಿ ಕಾಣುವಂತೆ ಕನ್ನಡದಲ್ಲಿ ಅದು ಸ್ವಾಮಿನಿಷ್ಠೆಗೂ ಹರಡಿದೆ. ಕೆಟ್ಟ ಯಜಮಾನನ ಕೆಟ್ಟ ಕೆಲಸವನ್ನು ನಿಷ್ಠೆಯಿಂದ ಮಾಡುವ ಆಳನ್ನೂ ‘ನಿಯತ್ತಿನವನು’ ಎನ್ನುವುದುಂಟು. ಅಂಥವನನ್ನು ಇಂಗ್ಲಿಷ್ ಪದ ಬಿಡುವುದಿಲ್ಲ, ಕಾನೂನೂ ಬಿಡುವುದಿಲ್ಲ. ಆದ್ದರಿಂದ ನಿಯತ್ತನ್ನು ಕಣ್ಣುಮುಚ್ಚಿ ಸಾಟಿ ಎನ್ನಲಾಗದು. ಉದ್ದೇಶದ ಪ್ರಶ್ನೆ ಬಂದ ಕಡೆ ಅದಕ್ಕಿಂತ ಹತ್ತಿರದ ಪದ ನಮ್ಮಲ್ಲಿಲ್ಲ ಎನ್ನಬಹುದು.

ವ್ಯಕ್ತಿಯನ್ನು ಬಿಟ್ಟು ವಸ್ತು, ಅಳತೆ, ಬರಹಗಳಿಗೆ ಬಂದರೆ ಕನ್ನಡಕ್ಕೆ ಗುಣಪದದ ಕೊರತೆಯೇ ಇಲ್ಲ. ಮುಖ್ಯವಾದದ್ದು ‘ಕಳ್ಳ’. ನಾಮಪದವೇ ಇನ್ನೊಂದು ನಾಮಪದದ ಮುಂದೆ ನಿಂತು ವಿಶೇಷಣದ ಕೆಲಸ ಮಾಡುತ್ತದೆ: ಕಳ್ಳತೂಕ, ಕಳ್ಳಲೆಕ್ಕ, ಕಳ್ಳನೋಟು, ಕಳ್ಳಸಾಕ್ಷಿ, ಕಳ್ಳಬಟ್ಟಿ, ಕಳ್ಳಸಾಗಣೆ, ಕಳ್ಳಮತ. ಇದರ ಬೇರು ದ್ರಾವಿಡದ್ದು. ಹಳಗನ್ನಡದ ‘ಕಳ್’ ಕದಿಯುವ ಕ್ರಿಯೆ. ಮಲಯಾಳದಲ್ಲಿ ಅದೇ ಬೇರಿನ ‘ಕಳ್ಳಂ’ ಎಂದರೆ ಸುಳ್ಳು. ಕದಿಯುವುದೂ ಸುಳ್ಳಾಡುವುದೂ ಒಂದೇ ಬೇರಿನಲ್ಲಿ ಕೂಡಿರುವುದು ದಕ್ಷಿಣದ ಭಾಷೆಗಳ ಹಳೆಯ ತಿಳಿವಳಿಕೆ. ಈ ಗುಣಪದ ದೋಷವನ್ನು ಮನುಷ್ಯನ ಸ್ವಭಾವದಲ್ಲಿ ಹುಡುಕದೆ ಕೆಲಸದಲ್ಲಿ ಗುರುತಿಸುತ್ತದೆ. ಒಂದು ದಿನ ಕಳ್ಳತೂಕ ತೂಗಿದವನು ಜೀವಮಾನವೆಲ್ಲ ಕಳ್ಳನಾಗಿರಬೇಕಿಲ್ಲ. ಬಸವಣ್ಣನವರು ಅಂತರಂಗ ಬಹಿರಂಗ ಶುದ್ಧಿಯನ್ನು ಬೋಧಿಸುವ ಪ್ರಸಿದ್ಧ ವಚನವೂ ಬಿಡಬೇಕಾದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತದೆ, ಬೈಗುಳದ ವಿಶೇಷಣಗಳನ್ನಲ್ಲ. ಶಾಸನಗಳ ಶಾಪಾಶಯವೂ ಹಾಗೆಯೇ. ಧರ್ಮವನ್ನು ಅಳಿದವನಿಗೆ ಇಂಥ ಪಾಪ ಎನ್ನುತ್ತದೆ, ಅವನು ಎಂಥ ಸ್ವಭಾವದವನೆಂದು ವಿವರಿಸುವುದಿಲ್ಲ.

‘ಕಳ್ಳ’ಕ್ಕೆ ಇನ್ನೊಂದು ಮುಖವಿದೆ, ಅದು ದೊಡ್ಡಮಳೂರಿನ ಸನ್ನಿಧಿಯಲ್ಲಿ ಚೆನ್ನಾಗಿ ಕಾಣುತ್ತದೆ. ಕೈಯಲ್ಲಿ ಬೆಣ್ಣೆಯುಂಡೆ ಹಿಡಿದ ಮಗುವನ್ನು ಜನ ‘ಬೆಣ್ಣೆಕಳ್ಳ’ ಎಂದು ಕರೆದು ಕೈ ಮುಗಿಯುತ್ತಾರೆ. ಮಕ್ಕಳಿಲ್ಲದವರು ತೊಟ್ಟಿಲು ಅರ್ಪಿಸಿ ಅಂಥದೇ ಒಬ್ಬ ಕಳ್ಳನನ್ನು ಬೇಡಿಕೊಳ್ಳುತ್ತಾರೆ. ಕಳ್ಳನಗೆ, ಕಳ್ಳನೋಟ, ಕಳ್ಳನಿದ್ದೆ ಎನ್ನುವಾಗಲೂ ಪದದಲ್ಲಿ ಆರೋಪಕ್ಕಿಂತ ಅಕ್ಕರೆ ಹೆಚ್ಚು. ಯಾವ ತಾಯಿಯೂ ತನ್ನ ಮಗುವನ್ನು ಅಪ್ರಾಮಾಣಿಕ ಎಂದು ಮುದ್ದಿಸಲಾರಳು. ಹೀಗೆ ಖಂಡನೆಯಿಂದ ಮುದ್ದಿನವರೆಗೆ ಹರಡಿಕೊಂಡ ಪದವನ್ನು ನಿಘಂಟು ‘ಚೋರ’ ಎಂಬ ಒಂದೇ ಅರ್ಥಕ್ಕೆ ಇಳಿಸಿದರೆ ಅನ್ಯಾಯವಾಗುತ್ತದೆ.

ಉಳಿದ ವಿಶೇಷಣಗಳು ತಮ್ಮ ತಮ್ಮ ಜಾಗದಲ್ಲಿ ಬಿಗಿಯಾಗಿ ಕುಳಿತಿವೆ. ನೋಟು ಖೋಟಾ, ಸ್ವಾಮಿ ಡೋಂಗಿ, ವೈದ್ಯ ನಕಲಿ, ಪಡಿತರ ಚೀಟಿ ಬೋಗಸ್, ಆಸ್ತಿ ಬೇನಾಮಿ, ಭರವಸೆ ಹುಸಿ. ಇವನ್ನು ಅದಲುಬದಲು ಮಾಡಿ ನೋಡಿದರೆ ಗಡಿ ಗೊತ್ತಾಗುತ್ತದೆ. ‘ಡೋಂಗಿ ನೋಟು’ ಎಂದು ಯಾರೂ ಹೇಳುವುದಿಲ್ಲ. ಡೋಂಗಿಗೆ ವೇಷ ಬೇಕು, ನೋಟಿಗೆ ವೇಷವಿಲ್ಲ. ‘ಬೇನಾಮಿ ವೈದ್ಯ’ ಇಲ್ಲ, ಏಕೆಂದರೆ ಬೇನಾಮಿಯಲ್ಲಿ ಸ್ವತ್ತು ನಿಜ, ಹೆಸರು ಮಾತ್ರ ಬೇರೆಯವರದು. ‘ನಕಲಿ’ಗೆ ಅಸಲಿಯೊಂದು ಎದುರಿಗಿರಬೇಕು. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಿಯ ರಕ್ಷಣೆ ಸಿಕ್ಕ ಮೇಲೆ ಈ ಪದಕ್ಕೆ ಇಲ್ಲಿ ಹೊಸ ಹುರುಪು ಬಂದಿದೆ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ್ದು ಅಸಲಿ. ಬೇರೆಲ್ಲೋ ತಯಾರಿಸಿ ಚನ್ನಪಟ್ಟಣದ ಹೆಸರಿಟ್ಟು ಮಾರಿದ್ದು ನಕಲಿ. ಆದರೆ ಅದೇ ಬೇರಿನ ‘ನಕಲು’ ತಾಲ್ಲೂಕು ಕಚೇರಿಯಲ್ಲಿ ಯಾವ ಕಳಂಕವೂ ಇಲ್ಲದ ಪ್ರತಿ. ‘ದೃಢೀಕೃತ ನಕಲು’ ಕೇಳಿದವನು ಮೋಸ ಕೇಳಿದಂತಾಗುವುದಿಲ್ಲ. ಇಷ್ಟೆಲ್ಲ ಸೂಕ್ಷ್ಮಗಳನ್ನು ಬದಿಗೊತ್ತಿ ಎಲ್ಲಕ್ಕೂ ‘ಅಪ್ರಾಮಾಣಿಕ’ ಎನ್ನುವುದು ಬರಹದ ಸೋಮಾರಿತನ.

ಮಾರುಕಟ್ಟೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿರುವುದು 1959ರ ಕಾಯ್ದೆ. ಗೂಡಿನ ಮಾರಾಟ ಖಾಸಗಿ ಚೌಕಾಸಿಯಲ್ಲಿ ಮುಗಿಯದೆ, ಎಲ್ಲರ ಕಣ್ಣೆದುರು ಹರಾಜಾಗಿ ಸರ್ಕಾರಿ ತಕ್ಕಡಿಯಲ್ಲಿ ತೂಗಬೇಕು ಎಂಬುದು ಅದರ ಆಶಯ. ಗೂಡು ಹಗುರ ಪದಾರ್ಥ. ತಕ್ಕಡಿ ಸ್ವಲ್ಪ ಅತ್ತಿತ್ತಾದರೂ ಹುಳು ಸಾಕಿದವನ ತಿಂಗಳ ದುಡಿಮೆಗೆ ಏಟು. ‘ತೂಕ ಹೊಡೆಯುವುದು’ ಎಂಬ ಕ್ರಿಯಾಪದ ಈ ಅನುಭವಕ್ಕೆ ಒಪ್ಪುತ್ತದೆ. ತಕ್ಕಡಿಯ ಏಟು ಬೀಳುವುದು ರೈತನ ಬೆನ್ನಿಗೆ. ಕೃಷಿ ಮಾರುಕಟ್ಟೆಗಳಲ್ಲಿ ‘ಬಿಳಿಚೀಟಿ’ ಎಂಬ ಇನ್ನೊಂದು ಮಾತಿದೆ. ರೈತನಿಂದ ಕಮಿಷನ್ ಕತ್ತರಿಸುವಂತಿಲ್ಲ ಎಂದು ನಿಯಮವಿರುವುದರಿಂದ, ಕತ್ತರಿಸಿದ ಲೆಕ್ಕವನ್ನು ಅಧಿಕೃತ ಬಿಲ್ಲಿನಲ್ಲಿ ಬರೆಯದೆ ಬಿಳಿಯ ತುಂಡು ಕಾಗದದಲ್ಲಿ ಗೀಚಿ ಕೊಡುವ ವ್ಯವಹಾರ ಅದು. ಇಲ್ಲಿ ಬಿಳಿ ಎಂಬ ಗುಣಪದವೇ ಮೋಸದ ಗುರುತಾಗಿದೆ. ಯಾವ ಇಂಗ್ಲಿಷ್ ಕನ್ನಡ ನಿಘಂಟಿನಲ್ಲೂ ‘ಡಿಸ್‌ಆನೆಸ್ಟ್’ ಪದದ ಕೆಳಗೆ ಬಿಳಿ 
ಎಂದು ಬರೆಯಲಾಗದು, ಆದರೆ ಮಂಡಿಯ ರೈತನಿಗೆ ಅದರಷ್ಟು ಖಚಿತವಾದ ಪದ ಇನ್ನೊಂದಿಲ್ಲ.

ಇಂಗ್ಲಿಷಿನಿಂದಲೇ ಬಂದು ಕನ್ನಡದ ಗುಣಪದವಾದದ್ದೂ ಒಂದುಂಟು: ‘ಫೋರ್‌ಟ್ವೆಂಟಿ’. ಮೋಸ ಮಾಡಿ ಸ್ವತ್ತು ಪಡೆಯುವ ಅಪರಾಧಕ್ಕೆ ದಂಡ ಸಂಹಿತೆಯಲ್ಲಿದ್ದ 420ನೆಯ ಕಲಮಿನಿಂದ ಇದು ಹುಟ್ಟಿತು. ರಾಜ್ ಕಪೂರರ 1955ರ ‘ಶ್ರೀ 420’ ಚಿತ್ರದ ಹೊತ್ತಿಗೆ ಈ ಸಂಖ್ಯೆ ದೇಶಕ್ಕೆಲ್ಲ ಗೊತ್ತಿದ್ದ ಬೈಗುಳ. ‘ಅವನೊಬ್ಬ ಫೋರ್‌ಟ್ವೆಂಟಿ’, ‘ಫೋರ್‌ಟ್ವೆಂಟಿ ಕೆಲಸ’ ಎಂದು ವ್ಯಕ್ತಿಗೂ ಕೆಲಸಕ್ಕೂ ಸಲ್ಲುವ ಈ ಪದವನ್ನು ಕಾನೂನಿನ ಪುಸ್ತಕ ಕಣ್ಣಿಂದ ಕಾಣದವರೂ ಸರಿಯಾದ ಜಾಗದಲ್ಲೇ ಬಳಸುತ್ತಾರೆ. ಕಳ್ಳತನಕ್ಕಾಗಲಿ ಹೊಡೆದಾಟಕ್ಕಾಗಲಿ ಯಾರೂ ಅದನ್ನು ಹಚ್ಚುವುದಿಲ್ಲ; ನಂಬಿಸಿ ಟೋಪಿ ಹಾಕುವವನಿಗೆ ಮಾತ್ರ. ಕಾನೂನಿನ ಒಂದು ಪದವನ್ನು ಅದರ ಅರ್ಥ ಕೆಡಿಸದೆ ಜನ ತಮ್ಮದಾಗಿಸಿಕೊಂಡಿದ್ದಾರೆ. ‘ಅಪ್ರಾಮಾಣಿಕ’ಕ್ಕೆ ಆ ಭಾಗ್ಯ ಸಿಗಲಿಲ್ಲ.

ಇಂಗ್ಲಿಷ್ ಕನ್ನಡ ನಿಘಂಟು ಪರಿಷ್ಕರಿಸುವವರಲ್ಲಿ, ಕಾನೂನನ್ನು ಕನ್ನಡಕ್ಕೆ ತರುವವರಲ್ಲಿ ನನ್ನ ಬೇಡಿಕೆ ಇದು. ‘ಡಿಸ್‌ಆನೆಸ್ಟ್’ ಪದದ ಕೆಳಗೆ ವ್ಯಕ್ತಿಗೆ, ಉದ್ದೇಶಕ್ಕೆ ‘ನಿಯತ್ತಿಲ್ಲದ’ ಎಂಬುದನ್ನು ಆಡುಮಾತು ಎಂಬ ಹಿಂಜರಿಕೆ ಇಲ್ಲದೆ ಮೊದಲು ಕೊಡಿ. ಅಳತೆ, ಲೆಕ್ಕ, ಬರಹಗಳಿಗೆ ‘ಕಳ್ಳ’ ಕೊಡಿ, ಬಳಕೆಯ ವಾಕ್ಯಗಳ ಸಮೇತ. ‘ಅಪ್ರಾಮಾಣಿಕ’ ಉಳಿಯಲಿ, ಆದರೆ ಅದಕ್ಕೆ ಆಧಾರವಿಲ್ಲದ ಎಂಬ ಮೊದಲ ಅರ್ಥವೂ ಇದೆಯೆಂದು ಸ್ಪಷ್ಟವಾಗಿ ನಮೂದಾಗಲಿ. ‘ಫೋರ್‌ಟ್ವೆಂಟಿ’ಯನ್ನು ಸೇರಿಸುವಾಗ ಒಂದು ತಾರೀಖನ್ನೂ ಬರೆಯಬೇಕು: 2024ರ ಜುಲೈ 1ರಿಂದ ಆ ಅಪರಾಧ ನ್ಯಾಯ ಸಂಹಿತೆಯ 318ನೆಯ ಕಲಮಿನ 4ನೆಯ ಉಪಕಲಮಿಗೆ ಸೇರಿದೆ.